ಮ್ಯೂಸಿಯಂ ಹಿಂದಿನ ಸಂಡಾಸ

ರಾಯಾಪುರದಾಗ, ಹೈವೇದಿಂದ ತುಸು ಒಳಗ, ಮಿಲಿಟರಿ ಇಂಜಿನಿಯರಿಂಗ್ ಮ್ಯೂಸಿಯಂ ಅಂತ ಒಂದೈತಿ. ಅದರ ಹಿತ್ತಲದಾಗ ಒಂದು ಮಣ್ಣಗುಡ್ಡಿ. ಸುತ್ತಲೂ ಸುಣ್ಣಾ ಬಳದ ಕಲ್ಲು. ತಲಿಕಡೆ ಒಂದು ಬೋರ್ಡು, ಅದರ ಮ್ಯಾಲೆ ನಮ್ಮ ಅಪ್ಪನ ಹೆಸರು, ಹೆಸರಿನ ಹಿಂದ ಹವಾಲ್ದಾರ ಅಂತ, ಕೆಳಗ ಒಂದು ತಾರೀಕು. ನೋಡಾಕ ಬಂದ ಮಂದಿ ಅದರ ಮುಂದ ಚಪ್ಪಲಿ ಬಿಟ್ಟು ಕೈ ಮುಗೀತಾರ. ಒಬ್ಬಾಕಿ ಸೇವಂತಿಗಿ ಹೂವಾ ಇಟ್ಟು ಹೋಗಿದ್ಲು. ಮೊನ್ನೆ ಒಬ್ಬ ಮಾಸ್ತರ ತನ್ನ ಸಾಲಿ ಮಕ್ಕಳನ್ನೆಲ್ಲಾ ಅಲ್ಲೆ ನಿಂದರಿಸಿ ಎರಡು ನಿಮಿಷ ಮೌನ ಮಾಡಸಿದ.

ನಮ್ಮ ಅಪ್ಪ ಸತ್ತಿಲ್ರಿ. ಮೌನ ನಡದಾಗ ಅಲ್ಲೇ ಬೇವಿನ ಗಿಡದ ಬುಡಕ ಕುರ್ಚಿ ಹಾಕ್ಕೊಂಡು ಶೇಂಗಾ ತಿನ್ನಾಕತ್ತಿದ್ದ. ಸಿಪ್ಪಿ ಒಡದ ಸಪ್ಪಳಾ ಆದ್ರ ಮೌನಕ್ಕ ಭಂಗ ಬರತೈತಿ ಅಂತ, ಬಾಯಾಗ ಇದ್ದ ಕಾಳು ಅಗೀದ ಹಂಗ ಹಿಡಕೊಂಡು ತಾನೂ ಎದ್ದು ನಿಂತ. ಆ ಗುಡ್ಡಿ ಕೆಳಗ ಯಾವ ಹುತಾತ್ಮರೂ ಇಲ್ಲ. ಸಂಡಾಸ ಐತಿ. ಮುಚ್ಚಿದ ಸಂಡಾಸ. ಮಂದಿ ಕೈ ಮುಗಿಯೂದು ಅದಕ್ಕ. ಮದಲ ಎರಡು ಸಲ ನಾ ಹೇಳಾಕ ಹೋದ್ನಿ, ಅಪ್ಪ ಕಣ್ಣು ಕೆಕ್ಕರಿಸಿದ. ಈಗ ಬಿಟ್ಟೇನಿ.

ಹೆಂಗಾತು ಅಂತ ಮದಲಿಂದ ಹೇಳತೇನಿ. ಇಲ್ಲಾಂದ್ರ ನಮ್ಮ ಮನಿತನಾನ ಹುಚ್ಚರದು ಅಂತ ತಿಳ್ಕೋತೀರಿ. ಅದೂ ಪೂರಾ ಸುಳ್ಳಲ್ಲ ಬಿಡ್ರಿ.

ನಾನು ಸರಕಾರಿ ಹೈಸ್ಕೂಲಿನಾಗ ಗಣಿತ ಕಲಸಾಕಿ. ಮನಿ ಸತ್ತೂರದಾಗ, ದೊಡ್ಡ ದವಾಖಾನಿ ಹತ್ರ. ಅವ್ವ ಹೋದ ಮ್ಯಾಲೆ ಅಪ್ಪ ನನ್ನ ಕೂಡನ ಇರತಾನ. ನಡುಮನ್ಯಾಗ ಬುದ್ಧನ ಮೂರ್ತಿ, ಬಾಜೂಕ ನೀಲಿ ಕೋಟಿನವರ ಫೋಟೊ, ಅದರ ಕೆಳಗ ಅಪ್ಪನ ಮೆಡಲ್ಲು. ಅಪ್ಪನ ಮೂಲ ಊರು ಮುಗದ. ಅವನ ಅವ್ವ, ಅಂದ್ರ ನಮ್ಮ ಆಯಿ, ಹೊಟ್ಟಿಪಾಡಿಗೆ ಧಾರವಾಡಕ್ಕ ಬಂದಾಕಿ. ಆಗಿನ ಕಾಲದಾಗ ದೊಡ್ಡ ದೊಡ್ಡ ಮನಿ ಹಿಂದ ಒಂದು ಸಣ್ಣ ಬಾಗಲಾ ಇರತಿತ್ತಲ್ಲ, ಆ ಬಾಗಲಾದಿಂದ ಬುಟ್ಟಿಯೊಳಗ ತುಂಬಿಕೊಂಡು ತಲಿ ಮ್ಯಾಲೆ ಹೊತ್ತು ಊರ ಹೊರಗ ಹಾಕಿ ಬರೂದು ಆಕಿ ಕೆಲಸ. ಏನು ತುಂಬಿಕೊಂಡು ಅಂತ ಬಿಡಿಸಿ ಹೇಳಬೇಕೇನ್ರಿ? ಆಕಿ ಮಗ ಸೈನ್ಯಾ ಸೇರಿದ, ಮಗನ ಮಗಳು ಮಾಸ್ತರಕಿ ಮಾಡಾಕತ್ತಾಳ. ಇಷ್ಟು ದೂರ ಬರಾಕ ನಮಗ ಮೂರು ತಲಿಮಾರು ಹಿಡೀತು. ಇದನ್ನ ನೆನಪಿಟ್ಟುಕೊಂಡು ಮುಂದಿಂದು ಕೇಳ್ರಿ.

ಈ ಮ್ಯೂಸಿಯಂ ಮಾಡಿದವರು ಸೈನ್ಯದ ಇಂಜಿನಿಯರ್ ತುಕಡಿಯೊಳಗ ದುಡದು ಬಂದ ಮುದುಕರು. ಬಂದೂಕಿನವರ ಮುಂದ ಹೋಗಿ ಹಾದಿ ಮಾಡಿಕೊಡೂದು, ಹೊಳಿಗೆ ಪೂಲು ಹಾಕೂದು, ನೆಲದಾಗ ಹುಗದ ಮೈನು ತಗಿಯೂದು, ಕುಡಿಯೂ ನೀರು ಒದಗಸೂದು, ಇದು ಅವರ ಕೆಲಸ. ರಿಟಾಯರ್ ಆದ ಮ್ಯಾಲೆ ಒಬ್ಬ ಬ್ಯಾಂಕಿನ ಬಾಗಲಾ ಕಾದ, ಒಬ್ಬ ಕಿರಾಣಿ ಅಂಗಡಿ ಇಟ್ಟ, ಆದ್ರ ಕೂಡಿದಾಗ ಮತ್ತ ಅದ ಹೊಳಿ, ಅದ ಪೂಲು. ಹೆಂಡ್ತಿ ಮಕ್ಕಳು ಕೇಳಿ ಕೇಳಿ ಸಾಕಾಗಿ ಎದ್ದು ಹೋಗಾಕತ್ರು. ಮನ್ಯಾಗ ಕೇಳವರಿಲ್ಲ, ಹೊರಗಿನವರಾದ್ರೂ ಕೇಳಲಿ ಅಂತ ಮ್ಯೂಸಿಯಂ ತಗದಾರ ಅಂತ ನನ್ನ ಅಂದಾಜು.

ಜಾಗಾ ಒಂದು ಹಳೇ ಹತ್ತಿ ಗೋದಾಮು. ಬಾಗಲದ ಎದುರಿಗೇ ಕಬ್ಬಿಣದ ಪೂಲು. ಈ ಗ್ವಾಡಿಯಿಂದ ಆ ಗ್ವಾಡಿಗೆ ಹೋಗತೈತಿ, ಮುಂದ ಎಲ್ಲಿಗೂ ಹೋಗೂದಿಲ್ಲ. ಅದರ ಬುಡಕ ಬಗ್ಗಿ ಒಳಗ ಹೋಗಬೇಕು. ನನ್ನ ಹಣಿ ಅದಕ್ಕ ಬಡದದ್ದು ಎಷ್ಟ ಸಲವೋ. ಎಡಕ್ಕ ಮೈನು ಹುಡಕೂ ಯಂತ್ರ, ಬ್ಯಾಟರಿ ಇಲ್ಲ. ಬಲಕ್ಕ ಮೈನು, ಮದ್ದಿಲ್ಲ. ನೀರಿನ ಪಂಪು, ಮೋಟರಿಲ್ಲ. ಎಲ್ಲಾದರ ಮ್ಯಾಲೂ "ಮುಟ್ಟಬ್ಯಾಡ್ರಿ" ಅಂತ ಚೀಟಿ. ಮುಟ್ಟಿದ್ರ ಏನಾಗತೈತಿ ಅಂತ ನಾ ಕೇಳಿದ್ರ, "ಶಿಸ್ತು ಹೋಗತೈತ್ರಿ ಅಕ್ಕಾರ" ಅಂದ್ರು.

ಅವರದೊಂದು ರೂಲು ಇತ್ತು. ಸರ್ವೀಸಿನಾಗ ಯಾರು ಯಾವ ಕೆಲಸಾ ಮಾಡಿದ್ರೋ ಅದನ್ನ ಅವರ ಕಟ್ಟಿ ತೋರಸಬೇಕು, ನಡುವ ಇನ್ನೊಬ್ಬರು ಬಾಯಿ ಹಾಕಂಗಿಲ್ಲ. ಈ ರೂಲು ಮಾಡಿದವರು ಸಂಘದ ಅಧ್ಯಕ್ಷರು. ರಿಟಾಯರ್ಡ್ ಸುಬೇದಾರರು, ಪೂಲಿನ ಮನಷ್ಯಾ, ಇಸ್ತ್ರಿ ಮುರೀದ ಕೋಟು, ಭಾಳ ಸವಿ ಧಾರವಾಡ ಕನ್ನಡ. ಬೈದ್ರೂ ಆಶೀರ್ವಾದ ಮಾಡಿದಂಗ ಕೇಳತೈತಿ.

ಯಾರು ಏನು ಕಟ್ಟಬೇಕು ಅಂತ ಹಂಚೂ ಮೀಟಿಂಗಿಗೆ ಅಪ್ಪನ್ನ ಸ್ಕೂಟಿ ಮ್ಯಾಲೆ ಕರಕೊಂಡು ಹೋಗಿದ್ನಿ. ಹಿಂದ ಕುಂತು ಉತ್ತರಪತ್ರಿಕೆ ತಿದ್ದಾಕತ್ತಿದ್ನಿ. ಎಲ್ಲಾರ ಕೆಲಸಾ ಹಂಚಿ ಮುಗಿದ ಮ್ಯಾಲೆ ಅಪ್ಪ ಕೋಲು ಊರಿ ಎದ್ದು ನಿಂತ.

"ನಾ ಸಂಡಾಸ ಕಟ್ಟತೇನಿ."

ನನ್ನ ಕೈಯಾಗಿನ ಕೆಂಪು ಪೆನ್ನು ಹಂಗ ನಿಂತು ಬಿಡ್ತು. ಮುದುಕರು ಹೊಟ್ಟಿ ಹಿಡಕೊಂಡು ನಕ್ಕರು. ಅಪ್ಪ ನಗಲಿಲ್ಲ. "ನಾ ಸರ್ವೀಸಿನಾಗ ಹೆಚ್ಚು ಕಟ್ಟಿದ್ದು ಅದನ್ನ. ಪಹಾಡಿನಾಗ ಕಟ್ಟೇನಿ, ಮರಳಿನಾಗ ಕಟ್ಟೇನಿ, ಹೊಳಿ ಬಂದು ಊರು ಮುಳುಗಿದಾಗ ಮಂದಿಗೂ ಕಟ್ಟಿ ಕೊಟ್ಟೇನಿ. ಅದನ್ನ ತೋರಸತೇನಿ" ಅಂದ.

ಅಧ್ಯಕ್ಷರು ಕೆಮ್ಮಿ ಗಂಟಲಾ ಸರಿ ಮಾಡ್ಕೊಂಡ್ರು. "ಹವಾಲ್ದಾರ ಸಾಹೇಬ್ರ, ಇದು ಮ್ಯೂಸಿಯಂ. ಹೆಣ್ಣಮಕ್ಕಳು ಬರತಾರ, ಸಾಲಿ ಮಕ್ಕಳು ಬರತಾರ. ಪೂಲು, ಮೈನು, ಇಂಥಾದ್ದು ಇಂಜಿನಿಯರಿಂಗ್. ಮತ್ತ ಇಷ್ಟು ಮಂದಿ ಇರೂದ್ರಾಗ ನೀವ ಇದನ್ನ ಹಿಡಕೊಂಡು ಯಾಕ ಕುಂದರತೀರಿ? ನೋಡಿದವರು ಬ್ಯಾರೇನ ತಿಳ್ಕೋತಾರ."

ಏನು ತಿಳ್ಕೋತಾರ ಅಂತ ಅಲ್ಲಿದ್ದವರಿಗೆಲ್ಲಾ ಗೊತ್ತಿತ್ತು. ನನಗ ಅಂಗಾಲಿಂದ ನೆತ್ತಿತನಕ ಉರದು ಬಂತು. ಅವರ ಮ್ಯಾಲಷ್ಟ ಅಲ್ಲ, ಅಪ್ಪನ ಮ್ಯಾಲೂ. ಯಾಕಂದ್ರ ನಾನೂ ಅದನ್ನ ಹೇಳಾಕಿ ಇದ್ನಿ, ಅಧ್ಯಕ್ಷರು ನನಗಿಂತ ಮದಲ ಹೇಳಿಬಿಟ್ಟಿದ್ರು. ಇಬ್ಬರದೂ ಮಾತು ಒಂದ ಆದ್ರ ಮನಸ್ಸಿಗೆ ಎಷ್ಟು ಹೊಲಸ ಅನಸತೈತಿ ಅಂತ ಏನ್ ಹೇಳಲಿ.

ಅಷ್ಟರಾಗ ಬಾಯಿ ಹಾಕಿದವ ಕಾಕಾ. ಕಾಕಾ ಅಂದ್ರ ಅಪ್ಪನ ಜೋಡಿ ಒಂದ ಡೇರೆಯೊಳಗ ಮಲಗೆದ್ದಾವ, ಈಗ ಹುಬ್ಬಳ್ಳಿಯೊಳಗ ವೆಲ್ಡಿಂಗ್ ಅಂಗಡಿ, ಮಕ್ಕಳು ನಡಸತಾರ, ಇಂವ ಬೀಡಿ ಸೇದತಾನ. "ಅಧ್ಯಕ್ಷರ, ನಿಮ್ಮ ಪೂಲಿನ ಮ್ಯಾಲೆ ಪಲ್ಟನ್ ಒಂದ ಸಲ ದಾಟಿ ಹೋಗತಿತ್ತು. ಇವನ ಕಡೆ ದಿನಾ ಮುಂಜಾನೆ ಬರತಿತ್ತು. ನೀವೂ ಬರತಿದ್ರಿ. ರೂಲು ನಿಮ್ಮದ, ನಡುವ ಬಾಯಿ ಹಾಕಂಗಿಲ್ಲ" ಅಂದ.

ಅಧ್ಯಕ್ಷರ ಮಾರಿ ಸಣ್ಣದಾತು. ಕಟ್ಟೂದಿದ್ರ ಒಳಗ ಬ್ಯಾಡ, ಹಿತ್ತಲದಾಗ ಕಟ್ಟ್ರಿ, ಮ್ಯಾಲೆ ಮ್ಯಾಲೆ ತೋರಿಕಿಗೆ ಅಷ್ಟ ಇರಲಿ ಅಂತ ಠರಾವಾತು.

ಮನಿಗೆ ಬಂದ ಮ್ಯಾಲೆ ನಾ ಸುಮ್ನ ಇರಲಿಲ್ಲ. ಅಡಗಿಮನ್ಯಾಗ ರೊಟ್ಟಿ ಬಡಕೋತ ಬೈದ್ನಿ. ಒಂದೊಂದು ರೊಟ್ಟಿ ಕಾಗದಗತೆ ತೆಳ್ಳಗಾತು. "ಒಬ್ಬಗ ಪೂಲು, ಒಬ್ಬಗ ಮೈನು, ನಮ್ಮ ಮನಿ ಪಾಲಿಗೆ ಸಂಡಾಸ! ಆಯಿ ತಲಿ ಮ್ಯಾಲಿಂದ ಇಳಿಸಿದ್ದನ್ನ ನೀ ಮ್ಯೂಸಿಯಂನ್ಯಾಗ ಇಡತೀಯೇನಪ್ಪಾ? ನಮ್ಮನ್ನ ನೋಡಿದ ಕೂಡ್ಲೆ ಮಂದಿಗೆ ಅದ ನೆನಪಾಗಬೇಕೇನು? ನಾಳೆ ನನ್ನ ಸಾಲಿಯಿಂದ ಟ್ರಿಪ್ ಬಂದ್ರ ನಾ ಏನಂತ ತೋರಸಲಿ?"

ಅಪ್ಪ ರೊಟ್ಟಿ ಮುರಕೊಂಡು ಪಲ್ಯಾದಾಗ ಅದ್ದಿದ. "ನಮ್ಮವ್ವ ಬಳದಳು. ನಾ ಬಳದಿಲ್ಲ. ನಾ ಕಟ್ಟೇನಿ. ಬಳಿಯೂದು ಬ್ಯಾರೆ, ಕಟ್ಟೂದು ಬ್ಯಾರೆ ಅಕ್ಕೋರ." ಸಿಟ್ಟು ಬಂದಾಗ ನನ್ನ ಸಾಲಿ ಮಕ್ಕಳಗತೆ ಅಕ್ಕೋರ ಅಂತಾನ. "ಎಲ್ಲೆ ಅಗೀಬೇಕು ಅಂತ ನಾ ಹೇಳತಿದ್ನಿ. ಗಾಳಿ ಯಾ ಕಡೆ, ಅಡಗಿ ಡೇರೆ ಎಷ್ಟು ದೂರ, ನೀರು ಯಾ ಕಡೆ ಹರೀತೈತಿ, ಎಲ್ಲಾ ನೋಡಿ ಗೂಟಾ ಬಡೀತಿದ್ನಿ. ಒಂದು ಸಲ ಕರ್ನಲ್ ಸಾಹೇಬ ಬಂದ. ತಯಾರಾಗಿಲ್ರಿ, ನಿಂದರ್ರಿ ಅಂದ್ನಿ. ನಿಂತ. ನಮ್ಮೂರಾಗ ಗೌಡರ ಮುಂದ ನಮ್ಮಪ್ಪ ಹೆಂಗ ನಿಂದರತಿದ್ದ, ಹಂಗ ಕೈ ಕಟ್ಟಿಕೊಂಡು ನಿಂತ."

ಈ ಕರ್ನಲ್ಲನ ಕಥಿ ನಾ ಹುಟ್ಟಿದಾಗಿಂದ ಕೇಳಾಕತ್ತೇನಿ. ಒಮ್ಮೊಮ್ಮೆ ಅಂವ ಮಳಿಯೊಳಗ ನಿಂತಿರತಾನ, ಒಮ್ಮೊಮ್ಮೆ ಬರ್ಫದಾಗ. ಅದಕ್ಕ ನಂಬಿಕಿ ಅರ್ಧಾ ಮರ್ಧಾ.

"ಆತು, ಕಟ್ಟಿದಿ ಅಂತ ಇಟ್ಕೋ" ಅಂದ್ನಿ. "ತುಂಬಿದ ಮ್ಯಾಲೆ? ಕಡೀಕ ಅದನ್ನ ಮುಚ್ಚಾಕ, ಬಳಿಯಾಕ ಯಾರನ್ನ ಕರೀತಾರ? ನಮ್ಮ ಕೇರಿಯವರನ್ನ ಕರೀತಾರ. ಅಧ್ಯಕ್ಷರು ಗುದ್ದಲಿ ಹಿಡೀತಾರೇನು?"

"ಸೈನ್ಯದಾಗ ರೂಲು ಐತಿ. ಮುಕ್ಕಾಮ ಬಿಟ್ಟು ಹೋಗೂ ಮುಂದ ಯಾರು ಬಳಸಿದ್ರೋ ಅವರ ಮಣ್ಣ ಎಳದು ಮುಚ್ಚಬೇಕು. ಮ್ಯಾಲೆ ಗುಡ್ಡಿ ಮಾಡಿ, ಕಲ್ಲಿಟ್ಟು, ಕಟ್ಟಿದವನ ಹೆಸರು, ಮುಚ್ಚಿದ ತಾರೀಕು ಬರದು ಬೋರ್ಡು ಹಾಕಬೇಕು."

"ಇದು ಸೈನ್ಯಾ ಅಲ್ಲ, ರಾಯಾಪುರ" ಅಂದ್ನಿ. ಅಪ್ಪ ಇನ್ನೊಂದು ರೊಟ್ಟಿ ಹಾಕು ಅಂತ ತಾಟು ಮುಂದ ಸರಿಸಿದ.

ಅಪ್ಪಗ ದಮ್ಮು ಐತಿ, ಡಾಕ್ಟರು ಮಣ್ಣು ಧೂಳು ಬ್ಯಾಡ ಅಂದಿದ್ರು. ಕೇಳಿದ್ರ ತಾನ. ಕುರ್ಚೇದಾಗ ಕುಂತು ಕೋಲಿನಿಂದ ತೋರಿಸಿ ತೋರಿಸಿ ಅಗಸಿದ. ಅಗದವರು ಕಾಕಾ ಮತ್ತು ಅವನ ಅಂಗಡಿಯ ಆಳು. ಮದಲನೇ ದಿನಾ ಬಟ್ಟು ನೆಕ್ಕಿ ಮ್ಯಾಲೆ ಹಿಡದು ಗಾಳಿ ನೋಡಿದ. ಧಾರವಾಡದ ಗಾಳಿ ಯಾ ಕಡೆಯಿಂದ ಬರತೈತಿ ಅಂತ ಹುಟ್ಟಿದ ಕೂಸಿಗೂ ಗೊತ್ತು. ಆದ್ರೂ ಅರ್ಧಾ ತಾಸು ಬಟ್ಟು ಹಿಡಕೊಂಡು ಕುಂತ. ಕಡೀಕ ಅಡಗಿಮನಿಯಿಂದ ದೂರ ಇರಬೇಕಂತ ಹೇಳಿದ. ಅಲ್ಲೆ ಅಡಗಿಮನೀನ ಇಲ್ಲ ಅಂತ ಕಾಕಾ ಅಂದ್ರ, ಮುಂದ ಆದ್ರ ಏನ್ ಮಾಡತಿ ಅಂತ ಅವಗ ಬೈದ.

ತೋರಿಕಿಗೆ ಮೊಳಕಾಲುಮಟ ಅಗದ್ರ ಸಾಕಾಗಿತ್ತು. ಉಳದವರ ಪಂಪಿಗೆ ಮೋಟರಿಲ್ಲ, ಮೈನಿಗೆ ಮದ್ದಿಲ್ಲ, ಇವನೊಬ್ಬನ ಗುಂಡಿ ಮಾತ್ರ ಯಾಕ ಖರೇ ಗುಂಡಿ ಆಗಬೇಕು? ಕಾಕಾ ಮನಷ್ಯಾನುದ್ದ ಇಳದು ತಲಿ ಕಾಣಲಾರದಂಗ ಆದ ಮ್ಯಾಲೂ ಅಪ್ಪ "ಇನ್ನೂ" ಅಂತಿದ್ದ. ಮ್ಯಾಲೆ ಕಟಗಿ ಪೆಟಗಿ, ಅದಕ್ಕ ಮುಚ್ಚಳ. ಎದ್ದ ಕೂಡ್ಲೆ ಮುಚ್ಚಳ ತಾನ ಬೀಳಬೇಕು, ನೊಣಾ ಒಳಗ ಹೋಗಬಾರದು. ಸುತ್ತಲೂ ಎಣ್ಣಿ ಕಲಸಿದ ಮಣ್ಣು ಬಡದು ಗಟ್ಟಿ ಮಾಡಿಸಿದ. ಗೋಣಿತಟ್ಟಿನ ಮರಿ, ಮಳಿ ನೀರು ಹೋಗಾಕ ಕಾಲವಿ, ಹೊರಗ ಒಂದು ಡಬ್ಬಿಗೆ ನಳಾ ಬೆಸದು ಕೈ ತೊಳಿಯೂ ವ್ಯವಸ್ಥಾ. ಮುಚ್ಚಳಾ ಬೀಳೂದು ಸರಿಯಾಗೂತನಕ ಕಾಕಾನ ಕೈಲಿ ಬಿಜಾಗರಿ ಎಷ್ಟು ಸಲ ಬಿಚ್ಚಿಸಿದನೋ, ಕಾಕಾ ಸಿಟ್ಟಿಗೆದ್ದು ಎರಡು ದಿನಾ ಬರಲೇ ಇಲ್ಲ.

ಬಾಯಿ ಬಿಟ್ಟು ಹೇಳತೇನಿ, ಛಲೋ ಆಗಿತ್ತು. ನನ್ನ ಸಾಲಿಯೊಳಗಿನದಕ್ಕಿಂತ ಛಲೋ ಆಗಿತ್ತು. ಆದ್ರೂ ನಾ ಒಂದ ಮಾತು ಹೊಗಳಲಿಲ್ಲ. ಅವನ ಹೆಸರು ಅದರ ಮ್ಯಾಲೆ ಬರೂದು ನನಗ ಬ್ಯಾಡಾಗಿತ್ತು, ಅಷ್ಟ.

ಉದ್ಘಾಟನಿಗೆ ಬೆಳಗಾವಿಯಿಂದ ನಿವೃತ್ತ ಬ್ರಿಗೇಡಿಯರ್ ಸಾಹೇಬ್ರು ಬಂದ್ರು. ವಯಸ್ಸು ಅಪ್ಪನಷ್ಟ ಇರಬೇಕು, ಬೆನ್ನು ಮಾತ್ರ ನೆಟ್ಟಗ. ಬಂದ ಕೂಡ್ಲೆ ಚಹಾ, ಆಮ್ಯಾಲೆ ಎಳನೀರು, ಆಮ್ಯಾಲೆ ಮತ್ತ ಚಹಾ. ನಮ್ಮ ಮಂದಿಗೆ ಮಾನ ಮಾಡೂದು ಅಂದ್ರ ಕುಡಸೂದು. ಅಪ್ಪ ಮೆಡಲ್ ಹಾಕ್ಕೊಂಡು ಹಿತ್ತಲದಾಗ ತನ್ನ ಗೋಣಿತಟ್ಟಿನ ಬಾಜೂಕ ಕುರ್ಚಿ ಹಾಕಿಸಿಕೊಂಡು ಕುಂತಿದ್ದ. ಒಳಗ ಬಾ ಅಂದ್ರ, ಡ್ಯೂಟಿ ಬಿಟ್ಟು ಹೆಂಗ ಬರಲಿ ಅಂದ. ಚಹಾ ಒಯ್ದು ಕೊಟ್ನಿ, ಬ್ಯಾಡ ಅಂದ. ನೀರೂ ಬ್ಯಾಡ ಅಂದ. ಡ್ಯೂಟಿ ಮ್ಯಾಲೆ ಕುಡಿಯೂದಿಲ್ಲ ಅಂತ ಇರಬೇಕು ಅಂದ್ಕೊಂಡು ನಾ ಒಳಗ ಹೋದ್ನಿ.

ಒಳಗ ಅಧ್ಯಕ್ಷರು ಭಾಷಣ ಚಾಲೂ ಮಾಡಿದ್ರು. ಪೂಲಿನ ಪ್ರತಿಯೊಂದು ಪಿನ್ನಿನ ಕಥಿ ಹೇಳಿದ್ರು. ಬ್ರಿಗೇಡಿಯರ್ ಸಾಹೇಬ್ರು ಮದಲ ಕಾಲ ಮ್ಯಾಲೆ ಕಾಲ ಹಾಕಿದ್ರು, ಆಮ್ಯಾಲೆ ತಗದ್ರು, ಆಮ್ಯಾಲೆ ಮತ್ತ ಹಾಕಿದ್ರು. ನಾ ಮಾಸ್ತರಕಿ ಮಾಡಾಕಿ, ಯಾವ ಹುಡುಗ ಬಟ್ಟು ಎತ್ತತಾನ ಅಂತ ಮಾರಿ ನೋಡಿದ್ರ ತಿಳೀತೈತಿ. ಕಡೀಕ ಅವರು ಎದ್ದ ಬಿಟ್ರು. ಅಧ್ಯಕ್ಷರ ಕಿವಿಯಾಗ ಏನೋ ಕೇಳಿದ್ರು.

ಅಧ್ಯಕ್ಷರು ಖಜಾಂಚಿ ಮಾರಿ ನೋಡಿದ್ರು. ಖಜಾಂಚಿ ಕಾಕಾನ ಮಾರಿ ನೋಡಿದ. ಕಾಕಾ ಚಾವಣಿ ನೋಡಿದ. ಎಪ್ಪಾ! ಪೂರಾ ಇಂಜಿನಿಯರ್ ತುಕಡಿ ಕೂಡಿ ಮ್ಯೂಸಿಯಂ ಕಟ್ಟಿತ್ತು, ಒಂದು ಪಾಯಖಾನಿ ಕಟ್ಟೂದು ಮರತಿತ್ತು. ಮರತಿತ್ತು ಅನ್ನೂದೂ ತಪ್ಪು. ಅದು ಅವರ ತಲಿಯೊಳಗ ಬರಲೇ ಇಲ್ಲ. ಸೈನ್ಯದಾಗ ಅದು ಕಟ್ಟಡದ ಲೆಕ್ಕಕ್ಕ ಬರೂದಿಲ್ಲ, ಮುಕ್ಕಾಮಿಗೆ ಹೋದ ದಿನಾ ಅಗಿಯೂದು, ಬಿಡೂ ದಿನಾ ಮುಚ್ಚೂದು. ಅಗಿಯಾಕ ಯಾವಾಗ್ಲೂ ಒಬ್ಬ ಇರತಿದ್ದ. ಆ ಒಬ್ಬ ಹಿತ್ತಲದಾಗ ಕುಂತಿದ್ದ.

"ಸರ್, ರಸ್ತಾ ಆಚೆ ಪೆಟ್ರೋಲ್ ಪಂಪಿನ್ಯಾಗ ಐತ್ರಿ" ಅಂದ್ರು ಅಧ್ಯಕ್ಷರು. ನಡುವ ಚಿಗರಿ ಅನ್ನೂ ಸಿಟಿ ಬಸ್ಸಿಗಂತ ಬಿಟ್ಟ ಹಾದಿಯ ಬೇಲಿ, ಈ ಕಡೆ ಲಾರಿ, ಆ ಕಡೆ ಲಾರಿ. ಸುತ್ತು ಹಾಕಿ ಹೋಗಬೇಕು. ಬ್ರಿಗೇಡಿಯರ್ ಸಾಹೇಬ್ರು ಹಿತ್ತಲ ಬಾಗಲಾದಿಂದ ಗೋಣಿತಟ್ಟು ನೋಡಿದ್ರು. ಜೀವಮಾನ ಪೂರ್ತಿ ನೋಡಿದ ವಸ್ತು, ಗುರ್ತು ಹಿಡಿಯಾಕ ತಡಾ ಆಗಲಿಲ್ಲ. ಆ ಕಡೆ ಕಾಲು ಬೀಸಿ ನಡದ್ರು. ಅಧ್ಯಕ್ಷರು ಹಿಂದ ಓಡಿದ್ರು. "ಸರ್, ಸರ್, ಅದು ಪ್ರದರ್ಶನಕ್ಕ ಇಟ್ಟದ್ರಿ!"

ಅಪ್ಪ ಎದ್ದು ಸೆಲ್ಯೂಟ್ ಹೊಡದ. ಬ್ರಿಗೇಡಿಯರ್ ಸಾಹೇಬ್ರು ಹಿಂದಿಯೊಳಗ ಕೇಳಿದ್ರು: "ಹವಾಲ್ದಾರ, ಇದು ತಯಾರ ಐತೇನು?"

ನಾ ಅಂದ್ಕೊಂಡ್ನಿ, ಈಗ ಇಂವ ಮೈ ಹಿಡಿಯಾಗ ಮಾಡಿ, ಬರ್ರಿ ಸಾಹೇಬ್ರ ಅಂತ ಗೋಣಿತಟ್ಟು ಸರಸತಾನ ಅಂತ. ಅಪ್ಪ ಕೈ ತೊಳಿಯೂ ಡಬ್ಬಿ ಕೋಲಿನಿಂದ ಬಡದ. ಟಣ್ ಅಂತು. ಖಾಲಿ.

"ಇಲ್ಲ ಸಾಹೇಬ್ರ. ಕೈ ತೊಳಿಯಾಕ ನೀರಿಲ್ಲ. ನೀರಿಲ್ಲದ ಯಾರನ್ನೂ ಒಳಗ ಬಿಡೂದಿಲ್ಲ. ನಿಂದರ್ರಿ."

ನಿಂದರ್ರಿ ಅಂದ. ಅಧ್ಯಕ್ಷರ ಬಾಯಿ ತೆರದಿದ್ದು ಮುಚ್ಚಲಿಲ್ಲ. ಬ್ರಿಗೇಡಿಯರ್ ಸಾಹೇಬ್ರು ಒಂದು ಸಲ ಅಪ್ಪನ ಮೆಡಲ್ ನೋಡಿದ್ರು, ಒಂದು ಸಲ ಡಬ್ಬಿ ನೋಡಿದ್ರು. ಆಮ್ಯಾಲೆ, ಕರೆಕ್ಟ್ ಅಂದ್ರು. ಅಂದು, ಎರಡೂ ಕೈ ಕಟ್ಟಿಕೊಂಡು ನಿಂತ್ರು. ಕಾಕಾ ನೀರು ತರಾಕ ಓಡಿದ. ನಳದಾಗ ನೀರು ಸಣ್ಣಗ ಬರತಿತ್ತು. ಸಾಹೇಬ್ರು ಈ ಕಾಲ ಮ್ಯಾಲಿಂದ ಆ ಕಾಲ ಮ್ಯಾಲೆ ಭಾರ ಹಾಕ್ಕೋತ, ಮಾರಿ ಕೆಂಪಗ ಮಾಡ್ಕೊಂಡು, ಆದ್ರ ಕಟ್ಟಿದ ಕೈ ಬಿಡದ ನಿಂತಿದ್ರು. ಹುಟ್ಟಿದಾಗಿಂದ ಕೇಳಿದ ಕರ್ನಲ್ಲ, ಮಳಿಯೂ ಇಲ್ಲ ಬರ್ಫವೂ ಇಲ್ಲ, ರಾಯಾಪುರದ ಬಿಸಲಾಗ ನನ್ನ ಕಣ್ಣ ಮುಂದ ನಿಂತಿದ್ದ. ನನಗ ನಗಿ ಬಂತು, ಅದರ ಹಿಂದ ಕಣ್ಣಾಗ ನೀರೂ ಬಂತು, ಸೆರಗಿನಿಂದ ಎರಡನ್ನೂ ಒರಸಿಕೊಂಡ್ನಿ.

ಸಾಹೇಬ್ರು ಹೊರಗ ಬಂದು ಕೈ ತೊಳಕೊಂಡು, ಮುಚ್ಚಳಾ ಭಾಳ ಛಲೋ ಬೀಳತೈತಿ ಅಂದ್ರು. ಅಷ್ಟ ಸಾಕಾತು. ಚಹಾ ಎಲ್ಲಾರೂ ಕುಡದಿದ್ರಲ್ಲ, ಪಾಳಿ ಹಚ್ಚಿದ್ರು. ಅಧ್ಯಕ್ಷರು ಮೂರನೇದವರು. ನಾನೂ ನಿಂತ್ನಿ, ಸುಳ್ಳ ಯಾಕ ಹೇಳಲಿ. ನನ್ನ ಪಾಳಿ ಬಂದಾಗ ಅಪ್ಪ ಡಬ್ಬಿ ಬಡದು, "ನಿಂದರ್ರಿ ಅಕ್ಕೋರ, ನೀರು ತುಂಬಲಿ" ಅಂದ. ಮಂಗ್ಯಾನಂಥಾ ಮುದಕ!

ಮುಂದ ಕೆಲವು ತಿಂಗಳು ಮ್ಯೂಸಿಯಂನ್ಯಾಗ ಖರೇ ಕೆಲಸಾ ಮಾಡೂ ವಸ್ತು ಅಂದ್ರ ಅದೊಂದ ಆಗಿತ್ತು. ಅಪ್ಪ ದಿನಾ ಹೋಗಿ ಕಾಯತಿದ್ದ. ಅಲ್ಲೆ ಇರೂತನಕ ಚಹಾ ಮುಟ್ಟತಿರಲಿಲ್ಲ. ಸಂಜೀಕ ಮನಿಗೆ ಕರಕೊಂಡು ಬಂದ್ರ ಸ್ಕೂಟಿ ನಿಂದರೂದರೊಳಗ ಇಳದು ಬಚ್ಚಲಕ್ಕ ಓಡತಿದ್ದ. ಹಟಮಾರಿ, ಅಲ್ಲೇ ಹೋದ್ರ ಏನ್ ಗಂಟು ಹೋಗತೈತಿ ಅಂತ ನಾ ಬೈತಿದ್ನಿ.

ಯಾರೋ ದಾನ ಕೊಟ್ರು, ಗೋದಾಮಿನ ಬಾಜೂಕ ಟೈಲ್ಸ್ ಹಾಕಿದ ಹೊಸಾ ಪಾಯಖಾನಿ ಬಂತು. ಮಳಿಗಾಲ ಹತ್ರ ಬಂತು, ಗುಂಡಿ ಮುಚ್ಚಬೇಕಾತು. ಅವತ್ತು ಮುಂಜಾನೆ ಅಪ್ಪನ್ನ ಬಿಡಾಕ ಹೋದ್ರ, ಹಿತ್ತಲದಾಗ ಇಬ್ಬರು ಮನಷ್ಯಾರು ಗುದ್ದಲಿ ಬುಟ್ಟಿ ಹಿಡಕೊಂಡು ನಿಂತಿದ್ರು. ಅಧ್ಯಕ್ಷರು ಹೇಳಿ ಕಳಿಸಿ ಕರಸಿದವರು. ಎಲ್ಲಿಂದ ಕರಸ್ಯಾರ ಅಂತ ನಾ ಕೇಳಲಿಲ್ಲ. ಅವರು ನಿಂತಿದ್ದ ರೀತಿ ನೋಡೇ ತಿಳೀತು. ಬಾಗಲಾ ಬಿಟ್ಟು, ಗ್ವಾಡಿಗೆ ಹತ್ತಿ, ಯಾರರೇ ಕರದಾಗಷ್ಟ ಒಳಗ ಬರೂ ಹಂಗ. ನಮ್ಮ ಆಯಿ ಹಂಗ ನಿಂದರತಿದ್ಲು ಅಂತ ಅಪ್ಪ ಹೇಳತಿದ್ದ.

ನಾ ಅಧ್ಯಕ್ಷರ ಮ್ಯಾಲೆ ಬಿದ್ದೆ ಬಿಟ್ಟೆ ಅನ್ನುವಂಗ ಹೊಂಟಿದ್ನಿ. "ನೋಡಿದೇನು? ನಾ ಹೇಳಿದ್ನೋ ಇಲ್ಲೋ?" ಅಂತ ಅಪ್ಪಗ ಅಂದ್ನಿ. ಅಪ್ಪ ನನ್ನ ಕೈ ಬಿಡಿಸಿಕೊಂಡು ಕುರ್ಚೇದಾಗ ಕುಂತ, ಕಿಸೇದಾಗಿಂದ ಹಳೇ ಸೀಟಿ ತಗದ, ಇದ್ದ ದಮ್ಮೆಲ್ಲಾ ಹಾಕಿ ಊದಿದ.

ನೀವು ನೋಡಬೇಕಾಗಿತ್ತು. ಒಳಗ ಕೇರಂ ಆಡಾಕತ್ತಿದ್ದವರು, ಪೇಪರ್ ಓದಾಕತ್ತಿದ್ದವರು, ಮೈನಿನ ಬಾಜೂಕ ತೂಕಡಸಾಕತ್ತಿದ್ದವರು, ಎಲ್ಲಾರೂ ಹಿತ್ತಲಕ್ಕ ಬಂದು ಸಾಲಾಗಿ ನಿಂತ್ರು. ಮದಲ ಕಾಲು ಬಂದ್ವು, ತಲಿ ಆಮ್ಯಾಲೆ ಬಂತು. ಅಧ್ಯಕ್ಷರೂ ಅದ ಸಾಲಿನಾಗ. ಬಂದು ನಿಂತ ಮ್ಯಾಲೆ ಯಾಕ ಬಂದೆ ಅಂತ ಅವರ ಮಾರಿ ಮ್ಯಾಲೆ ಕಂಡಿತು.

"ಮುಕ್ಕಾಮ ಬಂದ್. ಬಳಸಿದವರು ಗುದ್ದಲಿ ಹಿಡೀರಿ" ಅಂದ ಅಪ್ಪ.

"ಹವಾಲ್ದಾರ ಸಾಹೇಬ್ರ, ಆಳು ಬಂದಾರಲ್ಲ..." ಅಂದ್ರು ಅಧ್ಯಕ್ಷರು.

"ಅವರು ಬಳಸಿಲ್ಲ. ನೀವು ಬಳಸೀರಿ. ನಿಮಗ ಶುಗರ್ ಐತಿ, ಎಲ್ಲಾರಿಗಿಂತ ಜಾಸ್ತಿ ಬಂದವರು ನೀವ. ರೂಲು ಗೊತ್ತಿಲ್ಲೇನು?"

ಕಾಕಾ ಹೋ ಅಂತ ನಕ್ಕ. ಅಧ್ಯಕ್ಷರು ಸಿಟ್ಟಾದ್ರೋ, ನಾಚಿದ್ರೋ ತಿಳೀಲಿಲ್ಲ. ಕೋಟು ಬಿಚ್ಚಿದ್ರು, ಇಸ್ತ್ರಿ ಮುರೀದಂಗ ಮಡಚಿ ಬೇವಿನ ಟೊಂಗಿ ಮ್ಯಾಲೆ ಹಾಕಿದ್ರು. ಗ್ವಾಡಿಗೆ ಹತ್ತಿ ನಿಂತವನ ಹತ್ರ ಹೋಗಿ ಗುದ್ದಲಿಗೆ ಕೈ ಚಾಚಿದ್ರು. ಅಂವ ಕೊಡಲಿಲ್ಲ, ಹೆದರಿದ. "ಕೊಡೋ ಮಾರಾಯಾ, ರೂಲು ಐತಿ" ಅಂದು ಇಸಕೊಂಡ್ರು. ಅಪ್ಪ ಆ ಇಬ್ಬರಿಗೂ ತನ್ನ ಬಾಜೂಕ ಕುರ್ಚಿ ಹಾಕಿಸಿದ, ಚಹಾ ತರಿಸಿದ. ಅವರು ಕುರ್ಚಿ ತುದಿ ಮ್ಯಾಲೆ ಕುಂತು ಚಹಾ ಊದಕೋತ, ಸುಬೇದಾರರು ಮಣ್ಣು ಎಳಿಯೂದನ್ನ ನೋಡಿದ್ರು.

"ನೀವೂ ಅಕ್ಕೋರ" ಅಂದ ಅಪ್ಪ ನನಗ.

"ನಾನಾ?"

"ನೀರು ತುಂಬೂತನಕ ನಿಂತಿದ್ದಿ, ಹೌದಿಲ್ಲೋ?"

ಸೆರಗು ಸಿಗಿಸಿ ಬುಟ್ಟಿ ಹಿಡದ್ನಿ. ಅಧ್ಯಕ್ಷರು ಗುದ್ದಲಿಯಿಂದ ತುಂಬತಿದ್ರು, ನಾ ಹೊತ್ತು ಗುಂಡಿಗೆ ಸುರವತಿದ್ನಿ. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಲಿಲ್ಲ. ಸಾಕಷ್ಟು ಬುಟ್ಟಿ ಆದ ಮ್ಯಾಲೆ ನನಗೂ ಸಿಟ್ಟು ಬಂತು. ತಿರುಗಿ, "ಅಪ್ಪಾ, ನೀ ಕುಂತೇ ಇರಾಕ ಏನ್ ಹಕ್ಕು? ಬರೇ ದಮ್ಮಿನ ನೆವಾ ಹೇಳಬ್ಯಾಡ. ಒಂದು ಹಿಡಿ ಮಣ್ಣರೇ ಹಾಕು" ಅಂದ್ನಿ.

"ನಾ ಯಾಕ ಹಾಕಲಿ? ನಾ ಒಂದ ಸಲನೂ ಒಳಗ ಹೋಗಿಲ್ಲ."

ಬುಟ್ಟಿ ನನ್ನ ಟೊಂಕದ ಮ್ಯಾಲೆ ನಿಂತಿತು. ಮುಟ್ಟದ ಬಿಟ್ಟ ಚಹಾ, ಸಂಜೀಕ ಬಚ್ಚಲಕ್ಕ ಓಡೂದು, ಎಲ್ಲಾ ಒಮ್ಮೆಲೇ ತಲಿಗೆ ಬಂತು. ಮದಲನೇ ದಿನಾ ಬಟ್ಟು ನೆಕ್ಕಿ ಗಾಳಿ ನೋಡಿದಾಗಿಂದ ಇಂವ ಈ ಒಂದು ಮುಂಜಾನೆಗೆ ತಡಕೊಂಡು ಕುಂತಿದ್ದ.

ಅಪ್ಪ ಎರಡೂ ಕೈ ತೊಡಿ ಮ್ಯಾಲೆ ಇಟ್ಟುಕೊಂಡು ಬೆನ್ನು ನೆಟ್ಟಗ ಮಾಡಿ ಕುಂತಿದ್ದ. ಅಧ್ಯಕ್ಷರ ಕಡೆ ನೋಡಿದ, ನನ್ನ ಕಡೆ ನೋಡಿದ, ಬಾಜೂಕ ಚಹಾ ಕುಡಿಯೂ ಇಬ್ಬರ ಕಡೆ ನೋಡಿದ.

"ನಮ್ಮವ್ವ ಇರಬೇಕಾಗಿತ್ತು" ಅಂದ. "ಇಲ್ಲೆ ನನ್ನ ಬಾಜೂಕ ಕುರ್ಚಿ ಹಾಕಿ ಕುಂದರಸತಿದ್ನಿ."

ನಾ ಬುಟ್ಟಿ ಎತ್ತಿ ಗುಂಡಿಗೆ ಸುರವಿದ್ನಿ. ಅಧ್ಯಕ್ಷರು ಅದನ್ನ ಮತ್ತ ತುಂಬಿ ಕೊಟ್ರು.